ಸಮುದ್ರ ಬೇಡ, ಬೆಟ್ಟದ ಊರು ಬೇಕು: ನಾಕ್ಸೋಸ್‌ನಲ್ಲಿ ಅಪ್ಪ ಅಮ್ಮನ ಜೊತೆ ಎಲ್ಲಿ ನಡೆಯೋದು?

ಅಂಗಳದ ಬೆಕ್ಕು · ಆಗಸ್ಟ್ 9

ಎಲ್ಲರಿಗೂ ನಮಸ್ಕಾರ. ನಾನಿರುವುದು ಮ್ಯೂನಿಕ್‌ನಲ್ಲಿ. ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿದ್ದಾರೆ. ಅಕ್ಟೋಬರ್ ಎರಡನೇ ವಾರ ವಾಪಸ್ ಹೊರಡುತ್ತಾರೆ. ಅಷ್ಟರೊಳಗೆ, ಸೆಪ್ಟೆಂಬರ್ ಕೊನೆಗೆ, ಐದು ದಿನ ಗ್ರೀಸ್‌ಗೆ ಕರೆದುಕೊಂಡು ಹೋಗುವ ಆಸೆ. ಸ್ಯಾಂಟೊರಿನಿ ಫೋಟೋ ತೋರಿಸಿದೆ. ಅಪ್ಪ ನೋಡಿ, "ಸೂರ್ಯ ಮುಳುಗೋದು ನೋಡೋಕೆ ಇಷ್ಟು ಜನರ ಬೆನ್ನು ನೋಡಬೇಕಾ?" ಅಂದರು. ಹಾಗಾಗಿ ನಾಕ್ಸೋಸ್ ದ್ವೀಪ ಅಂತ ತೀರ್ಮಾನವಾಯಿತು.

ಅಪ್ಪನಿಗೆ 67. ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುವ ಆಸಾಮಿ. ಅಮ್ಮನಿಗೆ 61. ಎಡ ಮೊಣಕಾಲು ಹತ್ತುವಾಗ ಸುಮ್ಮನಿರುತ್ತದೆ, ಇಳಿಯುವಾಗ ತಕರಾರು ಮಾಡುತ್ತದೆ. ಇಬ್ಬರಿಗೂ ಬೀಚ್ ಬೇಡವಂತೆ. ಊರು ನೋಡಬೇಕು, ತೋಟ ನೋಡಬೇಕು, ಯಾರಾದರೂ ಸಿಕ್ಕರೆ ಭಾಷೆ ಬರದಿದ್ದರೂ ಮಾತಾಡಬೇಕು. ಹಾಲ್ಕಿ, ಫಿಲೋತಿ, ಅಪಿರಾಂಥೋಸ್ ಅಂತ ಊರುಗಳಿವೆ, ಝಾಸ್ ಅಂತ ಬೆಟ್ಟ ಇದೆ. ನನಗೆ ಗೊತ್ತಿರುವುದು ಇಷ್ಟೇ. ಕಾರು ಬೇಕಾ, ಬಸ್ಸು ಸಾಕಾ? ಸಸ್ಯಾಹಾರ ಸಿಗುತ್ತಾ? ಝಾಸ್ ಹತ್ತಿಸಬಹುದಾ?

ಸುತ್ತುಗಾಲಿ · ಆಗಸ್ಟ್ 9

ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲ ಎಲ್ಲರ ಹಾಗೆ ಬಂದರಿನ ಪಕ್ಕ, ದ್ವೀಪದ ಮುಖ್ಯ ಪಟ್ಟಣ ಹೋರಾದಲ್ಲಿ ಉಳಿದೆ. ಆಮೇಲಿನ ಎರಡು ಸಲ ಫಿಲೋತಿಯಲ್ಲೇ ರೂಮು ಹಿಡಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಝಾಸ್ ವಿಷಯ ಸದ್ಯಕ್ಕೆ ಪಕ್ಕಕ್ಕಿಡಿ. ಅಲ್ಲಿ ನಡೆಯುವ ಸುಖ ಇರುವುದು ಬೆಟ್ಟದ ತುದಿಯಲ್ಲಲ್ಲ. ಊರಿಂದ ಊರಿಗೆ ಹೋಗುವ ಹಳೇ ಕತ್ತೆದಾರಿಗಳಲ್ಲಿ. ಕಲ್ದೆರೀಮಿ ಅಂತಾರೆ. ಟಾರು ರಸ್ತೆ ಬರುವ ಮುಂಚೆ ಎಣ್ಣೆ, ಚೀಸು, ಮದುವೆ ದಿಬ್ಬಣ, ಹೆಣ ಎಲ್ಲ ಸಾಗಿದ್ದು ಇದರಲ್ಲೇ. ಒಬ್ಬ ಎರಡೂ ಕೈ ಚಾಚಿ ನಿಂತರೆ ದಾರಿ ಮುಗಿಯಿತು, ಅಷ್ಟೇ ಅಗಲ. ಎರಡೂ ಬದಿಗೆ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ. ನೆಲದ ಕಲ್ಲುಗಳನ್ನು ಎಷ್ಟೋ ಕಡೆ ಮಲಗಿಸಿಲ್ಲ. ಅಂಚು ಮೇಲೆ ಬರುವಂತೆ ನಿಲ್ಲಿಸಿ ಒತ್ತೊತ್ತಾಗಿ ಹೂತಿದ್ದಾರೆ, ಗೊರಸು ಜಾರದಿರಲಿ ಅಂತ. ಮೆಟ್ಟಿಲುಗಳೂ ಕತ್ತೆಯ ಅಳತೆಗೇ ಇವೆ. ನಮಗೆ ಒಂದು ಹೆಜ್ಜೆಗೆ ಜಾಸ್ತಿ, ಎರಡು ಹೆಜ್ಜೆಗೆ ಕಡಿಮೆ. ಮೊದಲ ಅರ್ಧ ಗಂಟೆ ಕಾಲಿಗೆ ಲೆಕ್ಕ ತಪ್ಪುತ್ತದೆ. ಆಮೇಲೆ ಅದೇ ಸರಿಹೋಗುತ್ತದೆ.

ಹೀಗೆ ಗಾರೆ ಇಲ್ಲದೆ ಗೋಡೆ ಕಟ್ಟುವ ಕಸುಬನ್ನು 2018ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ರೀಸ್ ಸೇರಿ ಎಂಟು ದೇಶಗಳು ಒಟ್ಟಿಗೆ ಕೇಳಿದ್ದವು.

ಅಮ್ಮನಿಗೆ ಇಳಿಯುವುದು ಕಷ್ಟ ಅಂದಿರಲ್ಲ. ಹಾಗಾದರೆ ಒಂದು ಸುಲಭದ ಸೂತ್ರ: ಹತ್ತುವ ಕಡೆ ನಡೆಯಿರಿ, ಇಳಿಯುವ ಕಡೆ ಬಸ್ಸು ಹಿಡಿಯಿರಿ. ಹಾಲ್ಕಿ ಕೆಳಗಿದೆ, ಫಿಲೋತಿ ಮೇಲಿದೆ. ಎಲ್ಲರೂ ಫಿಲೋತಿಯಿಂದ ಹಾಲ್ಕಿಗೆ ಇಳಿಯುತ್ತಾರೆ. ನೀವು ಉಲ್ಟಾ ಮಾಡಿ. ಒಂದೆರಡು ಕಿಲೋಮೀಟರ್ ಅಷ್ಟೇ. ಆದರೆ ಆಲಿವ್ ತೋಟದೊಳಗೆ ಸುತ್ತಿ ಬಳಸಿ ಹೋಗಿ, ಅಲ್ಲಲ್ಲಿ ಕೂತರೆ ಒಂದು ಬೆಳಗು ಆರಾಮಾಗಿ ಕಳೆಯುತ್ತದೆ. ಈ ಕಣಿವೆಗೆ ತ್ರಾಗೆಯಾ ಅಂತ ಹೆಸರು. ಆಲಿವ್ ಮರಗಳ ನಡುವೆ ಬೈಜಾಂಟೈನ್ ಕಾಲದ ಪುಟ್ಟ ಪುಟ್ಟ ಚರ್ಚುಗಳು ಬಿದ್ದುಕೊಂಡಿವೆ. ಹಾಲ್ಕಿಯಿಂದ ಹತ್ತೇ ನಿಮಿಷದಲ್ಲಿ ಸಿಗುವ ಆಯಿಯೋಸ್ ಯೋರ್ಗಿಯೋಸ್ ದಿಯಾಸೋರಿತಿಸ್ 11ನೇ ಶತಮಾನದ್ದು. ಬೆಳಿಗ್ಗೆ ಹೋದರೆ ಬಾಗಿಲು ತೆಗೆದಿರುವ ಸಾಧ್ಯತೆ ಜಾಸ್ತಿ.

ಎರಡೆತ್ತು · ಆಗಸ್ಟ್ 9

ಸುತ್ತುಗಾಲಿಯವರೇ, ಝಾಸ್‌ಗೆ ಯಾಕೆ ಅಷ್ಟು ಬೇಡ ಅಂತೀರಿ? ಬರೀ 1004 ಮೀಟರ್. ಬೆಂಗಳೂರು ಇರುವುದೇ 900ರ ಮೇಲೆ. ಶಿವಮೊಗ್ಗದವರಿಗೆ ಅದು ಬೆಟ್ಟವಾ? ನಾಕ್ಸೋಸ್ ಸೇರಿದ ಸೈಕ್ಲಡೀಸ್ ದ್ವೀಪಗಳಲ್ಲೇ ಎತ್ತರದ ಜಾಗದವರೆಗೆ ಹೋಗಿ ಕೆಳಗೆ ಆಲಿವ್ ಮರ ನೋಡಿ ಬನ್ನಿ ಅನ್ನೋದು ಯಾವ ನ್ಯಾಯ?

ಸುತ್ತುಗಾಲಿ · ಆಗಸ್ಟ್ 9

ಲೆಕ್ಕ ತಪ್ಪಿದ್ದೀರಿ. ಬೆಂಗಳೂರಲ್ಲಿ ನಿಂತರೆ ಯಾರೂ ಸಮುದ್ರದಿಂದ ಹತ್ತಿ ಬಂದಿರುವುದಿಲ್ಲ, ಅಲ್ವಾ? ಅಲ್ಲಿ ಹತ್ತಬೇಕು.

ಎರಡು ದಾರಿ ಇವೆ. ಒಂದು ಫಿಲೋತಿ ಪಕ್ಕದ ಆರಿಯಾ ಬುಗ್ಗೆಯಿಂದ. ಅದು ಝಾಸ್ ಗುಹೆಯವರೆಗೆ ಚೆನ್ನಾಗಿದೆ. ಗುಹೆಯಲ್ಲಿ ನವಶಿಲಾಯುಗದಿಂದಲೇ ಜನ ಇದ್ದ ಗುರುತು ಸಿಕ್ಕಿದೆ. ಹಳೇ ಗ್ರೀಕರ ದೇವರಾಜ ಜ್ಯೂಸ್ ಈ ದ್ವೀಪದಲ್ಲೇ ಬೆಳೆದ ಅಂತ ಕಥೆ. ಬೆಟ್ಟದ ಮೈಮೇಲೆ ಒಂದು ಬಂಡೆಯಲ್ಲಿ "ಜ್ಯೂಸ್ ಮಿಲೋಸಿಯೋಸನ ಬೆಟ್ಟ" ಅಂತ ಹಳೇ ಗ್ರೀಕ್ ಅಕ್ಷರದಲ್ಲಿ ಕೊರೆದಿದೆ. ಕುರಿ ಕಾಯುವ ಜ್ಯೂಸ್ ಅಂತ ಅರ್ಥ ಮಾಡುತ್ತಾರೆ. ದೇವರಲ್ಲೂ ಕುರುಬ! ಆದರೆ ಗುಹೆಯಿಂದ ಮೇಲೆ ಕಡಿದಾದ ಜಲ್ಲಿ. ಕಾಲಿಟ್ಟ ಕಡೆ ಕಲ್ಲು ಉರುಳುತ್ತದೆ.

ಇನ್ನೊಂದು ಆಯಿಯಾ ಮರೀನಾ ಅನ್ನುವ ಪುಟ್ಟ ಚರ್ಚಿನಿಂದ. ಫಿಲೋತಿಯಿಂದ ದಾನಕೋಸ್‌ಗೆ ಹೋಗುವ ರಸ್ತೆಯಲ್ಲಿದೆ. ಅರ್ಧಕ್ಕಿಂತ ಜಾಸ್ತಿ ಎತ್ತರವನ್ನು ರಸ್ತೆಯೇ ಹತ್ತಿಸಿಬಿಟ್ಟಿರುತ್ತದೆ. ಅಪ್ಪನನ್ನು ಈ ದಾರಿಯಲ್ಲಿ ಕರೆದುಕೊಂಡು ಹೋಗಬಹುದು. ಅಮ್ಮನನ್ನು ಬೇಡ. ಹತ್ತೋದಲ್ಲ ಪ್ರಶ್ನೆ. ಹತ್ತಿದ ಅಷ್ಟನ್ನೂ ಇಳಿಯಬೇಕು, ಮೇಲೆ ಯಾವ ಬಸ್ಸೂ ಬರೋಲ್ಲ.

ಎರಡೆತ್ತು · ಆಗಸ್ಟ್ 9

ಆಯ್ತು, ಒಪ್ಪಿದೆ. ನನಗೂ ಮೊಣಕಾಲಿದೆ.

ಬೆರಕೆಸೊಪ್ಪು · ಆಗಸ್ಟ್ 10

ಊಟದ ಮಾತು ನಾನು ಹೇಳುತ್ತೇನೆ. ಹೆದರಬೇಡಿ. ಗ್ರೀಸ್‌ನ ಹಳ್ಳಿಯಲ್ಲಿ ಸಸ್ಯಾಹಾರಿ ಅಂದರೆ ಅರ್ಥವಾಗದಿರಬಹುದು. "ನಿಸ್ತೀಸಿಮಾ" ಅನ್ನಿ. ಉಪವಾಸದ ಅಡುಗೆ ಅಂತ. ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಎಷ್ಟೋ ದಿನ ಮಾಂಸ, ಹಾಲು, ಮೊಟ್ಟೆ ಇಲ್ಲದ ವ್ರತ ಇರುತ್ತದೆ. ಹಾಗಾಗಿ ಅಂಥ ಅಡುಗೆ ಎಲ್ಲ ಅಜ್ಜಿಯರಿಗೂ ಬರುತ್ತದೆ. ಒಂದೇ ತೊಂದರೆ. ಆ ವ್ರತದಲ್ಲಿ ಸಿಗಡಿ, ಕಪ್ಪೆಚಿಪ್ಪು ನಡೆಯುತ್ತದೆ! ಅದನ್ನೂ ಬೇಡ ಅಂತ ಬಿಡಿಸಿ ಹೇಳಿ.

ಫಾವಾ ಅಂತ ಕೇಳಿ. ಹಳದಿ ಬೇಳೆ ಬೇಯಿಸಿ ಮಸೆದು, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ. ಒಗ್ಗರಣೆ ಮರೆತ ತೊವ್ವೆ. ಕಡಲೆಕಾಳು ಒಲೆಯಲ್ಲಿ ರಾತ್ರಿಯಿಡೀ ಬೇಯಿಸಿದ್ದು ರೆವಿಥಿಯಾ. ಆಮೇಲೆ ಹೋರ್ತಾ. ಅಂದರೆ ಬೇಯಿಸಿದ ಸೊಪ್ಪು, ಎಣ್ಣೆ ನಿಂಬೆ ಹಿಂಡಿ ಕೊಡುತ್ತಾರೆ. ಚಳಿಗಾಲ, ವಸಂತದಲ್ಲಾದರೆ ಹೊಲದ ಬದುವಿನಿಂದ ಕಿತ್ತು ತಂದ ಹತ್ತಾರು ಬಗೆ, ಥೇಟ್ ನಮ್ಮ ಬೆರಕೆ ಸೊಪ್ಪು. ಬೇಸಿಗೆಯಿಂದ ಸೆಪ್ಟೆಂಬರ್‌ವರೆಗೆ ಹೆಚ್ಚಾಗಿ ವ್ಲೀತಾ. ಅದು ಬೇರೇನೂ ಅಲ್ಲ, ಹರಿವೆಯ ಜಾತಿ. ಶಿವಮೊಗ್ಗದ ಅಮ್ಮ ಬಾಯಿಗಿಟ್ಟ ತಕ್ಷಣ ಕಂಡುಹಿಡಿಯದಿದ್ದರೆ ನನ್ನ ಹೆಸರು ಬದಲಾಯಿಸಿ.

ಆಲೂಗಡ್ಡೆ ಬಿಡಬೇಡಿ. ನಾಕ್ಸೋಸ್ ಆಲೂಗಡ್ಡೆಗೆ 2011ರಿಂದ ಯುರೋಪಿನ ಭೌಗೋಳಿಕ ಗುರುತು ಇದೆ. ಆಲಿವ್ ಎಣ್ಣೆಯಲ್ಲಿ ಕರಿದು, ಉಪ್ಪು, ಒರೆಗಾನೊ ಉದುರಿಸಿ ಕೊಟ್ಟರೆ ಅಪ್ಪ ಅನ್ನ ಕೇಳೋಲ್ಲ. ಗ್ರಾವಿಯೆರಾ ಅಂತ ಹಸುವಿನ ಹಾಲಿನ ಚೀಸು ಇನ್ನೊಂದು ಹೆಮ್ಮೆ. ಆದರೆ ಕಟ್ಟುನಿಟ್ಟಿನವರಾದರೆ ಒಂದು ಎಚ್ಚರ. ಅಲ್ಲಿನ ಸಾಂಪ್ರದಾಯಿಕ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಅಥವಾ ಆಡುಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ.

ಹಾಸನದ ಬೀದಿ · ಆಗಸ್ಟ್ 10

ಆಲೂಗಡ್ಡೆ ಅಂದಮೇಲೆ ನಾನು ಬಾಯಿ ಹಾಕಲೇಬೇಕು. ನಾವು ಬಿತ್ತನೆ ಗಡ್ಡೆಗೆ ಪ್ರತಿ ವರ್ಷ ಪಂಜಾಬಿನ ಕಡೆ ನೋಡುತ್ತೇವೆ. ದ್ವೀಪದಲ್ಲಿ ಬಿಸಿಲು, ಗಾಳಿ, ಕಲ್ಲು. ಅಲ್ಲಿ ಆಲೂಗಡ್ಡೆ ಹೇಗೆ ಬೆಳೀತಾರೆ?

ಬೆರಕೆಸೊಪ್ಪು · ಆಗಸ್ಟ್ 10

ಹೋರಾದ ಹಿಂದೆ ಲಿವಾದಿ ಅಂತ ಮಟ್ಟಸ ಬಯಲು ಇದೆ. ಅಕ್ಕಪಕ್ಕದ ದ್ವೀಪಗಳಿಗಿಂತ ನಾಕ್ಸೋಸ್‌ನಲ್ಲಿ ನೀರು ಜಾಸ್ತಿ. ಬೆಟ್ಟ ಎತ್ತರ ಇರುವುದರಿಂದ ಮೋಡ ತಡೆಯುತ್ತದೆ. ಬಿತ್ತನೆ ಗಡ್ಡೆಗೂ ಹೆಸರಾದ ಊರದು. ಅದಕ್ಕೇ ಅಲ್ಲಿ ಹಳ್ಳಿಗಳು ಪ್ರವಾಸಿಗರನ್ನಷ್ಟೇ ನಂಬಿ ಕೂತಿಲ್ಲ. ಮಾತಾಡಿಸುವ ರೀತಿಯಲ್ಲೇ ಗೊತ್ತಾಗುತ್ತದೆ.

ಕಲ್ಲುಬಂಡೆ · ಆಗಸ್ಟ್ 11

ನಾನು ಗಣಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎಲ್ಲರೂ ಅಪಿರಾಂಥೋಸ್‌ನ ಅಮೃತಶಿಲೆಯ ಬೀದಿ ನೋಡಿ ಬಾಯಿ ಬಿಡುತ್ತಾರೆ. ನಾನು ಹೋಗಿದ್ದು ಅದರ ಕಪ್ಪು ಕಲ್ಲಿಗೆ.

ಎಮರಿ ಪೇಪರ್ ಗೊತ್ತಲ್ಲ? ಉಪ್ಪು ಕಾಗದದ ಅಣ್ಣ. ಅದರ ಎಮರಿ ಕಲ್ಲಿಗೆ ನಾಕ್ಸೋಸ್ ಪ್ರಾಚೀನ ಕಾಲದಿಂದ ಹೆಸರುವಾಸಿ. ಗ್ರೀಕರು ಶಿಲ್ಪಗಳನ್ನು ನಯ ಮಾಡಿದ್ದು ಇದರಿಂದ. ಬಿಳಿ ಕಲ್ಲೂ ಅಲ್ಲಿಯದೇ, ಅದನ್ನು ಉಜ್ಜುವ ಕರಿ ಕಲ್ಲೂ ಅಲ್ಲಿಯದೇ. ಒಂದು ತುಂಡು ಕೈಗೆತ್ತಿಕೊಂಡು ನೋಡಿ. ನಿಂಬೆಹಣ್ಣಿನಷ್ಟು ಗಾತ್ರ, ಆದರೆ ಕಬ್ಬಿಣದ ಗುಂಡಿನ ಹಾಗೆ ಕೈ ಜಗ್ಗುತ್ತದೆ. ಒಳಗೆ ಕೊರಂಡಮ್ ಮತ್ತು ಮ್ಯಾಗ್ನೆಟೈಟ್. ಆಯಸ್ಕಾಂತ ಹಿಡಿದರೆ ಅಂಟುತ್ತದೆ. ಅಂದ ಹಾಗೆ ಕೊರಂಡಮ್ ಅನ್ನುವ ಹೆಸರೇ ನಮ್ಮ ಕಡೆಯ ಕುರುಂದ ಅನ್ನುವ ಮಾತಿನಿಂದ ಹೋದದ್ದು.

ಅಪಿರಾಂಥೋಸ್, ಕೋರೋನೋಸ್ ಸುತ್ತಿನ ಹಳ್ಳಿಯವರಿಗೆ ಮಾತ್ರ ಈ ಕಲ್ಲು ತೆಗೆಯುವ ಹಕ್ಕಿತ್ತು. 1920ರ ದಶಕದಲ್ಲಿ ಗಣಿಯಿಂದ ಮೂತ್ಸೂನಾ ಬಂದರಿಗೆ ಆಕಾಶದಲ್ಲಿ ತಂತಿ ಎಳೆದು ತೊಟ್ಟಿಗಳಲ್ಲಿ ಕಲ್ಲು ಇಳಿಸಿದರು. ಕೃತಕ ಉಜ್ಜುಕಲ್ಲು ಬಂದ ಮೇಲೆ ಬೇಡಿಕೆ ಬಿತ್ತು. ತಂತಿ ನಿಂತಿತು. ಕಂಬಗಳು ಇನ್ನೂ ಬೆಟ್ಟದ ಮೇಲೆ ನಿಂತಿವೆ. ತುಕ್ಕು ಹಿಡಿದ ತೊಟ್ಟಿಗಳು ಅಲ್ಲಲ್ಲೇ. ಅಪ್ಪನಿಗೆ ಇದನ್ನು ತೋರಿಸಿ. ಅಪಿರಾಂಥೋಸ್‌ನಲ್ಲಿ ಪುಟ್ಟ ಭೂವಿಜ್ಞಾನ ಮ್ಯೂಸಿಯಂ ಇದೆ, ಅಲ್ಲೂ ಕಲ್ಲು ಇಟ್ಟಿದ್ದಾರೆ.

ಇನ್ನೊಂದು ವಿಷಯ. ಆ ಊರಿನವರು ತಮ್ಮ ಊರನ್ನು ಅಪೆರಾಥು ಅಂತಾರೆ. ಪೂರ್ವಿಕರು ಕ್ರೀಟ್‌ನಿಂದ ಬಂದವರು ಅಂತ ನಂಬಿಕೆ, ಆಡುಮಾತೂ ಬೇರೆ. ಮಾನೋಲಿಸ್ ಗ್ಲೆಜೋಸ್ ಹುಟ್ಟಿದ್ದು ಇಲ್ಲೇ, 1922ರಲ್ಲಿ. 1941ರ ಮೇ 30ರ ರಾತ್ರಿ ಗೆಳೆಯ ಅಪೋಸ್ತೋಲೋಸ್ ಸಾಂತಾಸ್ ಜೊತೆ ಅಥೆನ್ಸ್‌ನ ಅಕ್ರೊಪೊಲಿಸ್ ಹತ್ತಿ ನಾಜಿ ಬಾವುಟ ಇಳಿಸಿದವರು. 1980ರ ದಶಕದಲ್ಲಿ ಊರಿಗೆ ಬಂದು ಊರಿನ ಮುಖ್ಯಸ್ಥರಾದರು. ತೀರ್ಮಾನಗಳನ್ನು ಊರಿನ ಸಭೆಯೇ ಮಾಡಲಿ ಅಂತ ಪ್ರಯೋಗ ನಡೆಸಿದರು. 2020ರಲ್ಲಿ ತೀರಿಕೊಂಡರು.

ಓದುಗೂಡು · ಆಗಸ್ಟ್ 11

ಗ್ರೀಕ್ ಅಂದಮೇಲೆ ಕೇಳಲೇಬೇಕು. ಆಕ್ಸಿರಿಂಕಸ್ ಪಪೈರಸ್‌ನ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ ಅಂತಾರಲ್ಲ

ಸುತ್ತುಗಾಲಿ · ಆಗಸ್ಟ್ 11

ಅದು ಸಿಕ್ಕಿದ್ದು ಈಜಿಪ್ಟಿನಲ್ಲಿ. ವಾದ ನೂರು ವರ್ಷದಿಂದ ನಡೆಯುತ್ತಿದೆ. ದಯವಿಟ್ಟು ಬೇರೆ ಚರ್ಚೆ ತೆಗೆಯಿರಿ, ನಾನೂ ಬರುತ್ತೇನೆ. ಇಲ್ಲಿ ಅಮ್ಮನ ಮೊಣಕಾಲಿನ ಕಥೆ ಮುಗಿಯಲಿ.

ಎರಡೆತ್ತು · ಆಗಸ್ಟ್ 12

ದಾರಿ ತಪ್ಪಿದ ಕಥೆ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ.

ಜೂನ್‌ನಲ್ಲಿ ಹೋಗಿದ್ದೆವು, ನಾನೂ ಹೆಂಡತಿಯೂ. ಅಪಿರಾಂಥೋಸ್‌ನಿಂದ ದಾನಕೋಸ್‌ಗೆ ಹೊರಟೆವು. ನಡುವೆ ಫೋಟೋದೋತಿಸ್ ಅಂತ ಕೋಟೆಯ ಹಾಗಿರುವ ಹಳೇ ಮಠ. ಅಲ್ಲಿಯವರೆಗೆ ಏನೂ ತೊಂದರೆ ಆಗಲಿಲ್ಲ. ಆಮೇಲೆ ನಾನು ಜಾಣತನ ಮಾಡಿದೆ. ಮೊಬೈಲ್ ನಕ್ಷೆಯಲ್ಲಿ ಚುಕ್ಕೆ ಚುಕ್ಕೆ ಗೆರೆ ಕಾಣಿಸಿತು. ಹತ್ತಿರದ ದಾರಿ ಅಂತ ಹೊಕ್ಕೆವು. ಆಡು ಮುಟ್ಟದ ಸೊಪ್ಪಿಲ್ಲ ಅಂತೀವಲ್ಲ, ಅಲ್ಲಿ ಆಡು ತುಳಿಯದ ಜಾಗ ಇಲ್ಲ. ಪ್ರತಿಯೊಂದೂ ದಾರಿಯ ಹಾಗೇ ಕಾಣಿಸುತ್ತದೆ. ಹೋಗ್ತಾ ಹೋಗ್ತಾ ಆಡಿನ ಎತ್ತರಕ್ಕೆ ಬರುತ್ತದೆ. ಕೊನೆಗೆ ಒಂದು ಕಲ್ಲುಗೋಡೆ. ಆಚೆಗೆ ಇನ್ನೊಂದು. ನಡುವೆ ಮೊಣಕಾಲೆತ್ತರದ ದಿಂಬಿನ ಹಾಗಿರುವ ಗಿಡಗಳು. ನೋಡೋಕೆ ಮೆತ್ತಗೆ, ಮುಟ್ಟಿದರೆ ಬರೀ ಮುಳ್ಳು. ನಾನು ಚಡ್ಡಿ ಹಾಕಿದ್ದೆ.

ಎರಡು ಗಂಟೆ ಆದ ಮೇಲೆ ಟಾರು ರಸ್ತೆ ಸಿಕ್ಕಿತು. ಆ ಹೊತ್ತಿಗೆ ಕೊನೇ ಬಸ್ಸು ಹೋಗಿತ್ತು. ಒಬ್ಬ ಮುದುಕ ಪಿಕಪ್ ನಿಲ್ಲಿಸಿ, ಹಿಂದೆ ಹುಲ್ಲಿನ ಮೇಲೆ ಕೂರಿಸಿಕೊಂಡು ಫಿಲೋತಿಗೆ ಬಿಟ್ಟ. ಕಾಲು ನೋಡಿ ನಕ್ಕ. ಹೆಂಡತಿ ನಗಲಿಲ್ಲ.

ಹಾಗಾಗಿ ಉದ್ದ ಪ್ಯಾಂಟ್. ಗುರುತಿರುವ ದಾರಿ ಬಿಟ್ಟು ಹೋಗಬೇಡಿ. ನಂಬರ್ ಬರೆದ ಕೆಂಪು ಬಿಳಿ ಚೌಕ ಕಲ್ಲಿನ ಮೇಲೋ ಕಂಬದ ಮೇಲೋ ಇರುತ್ತದೆ. ಹತ್ತು ನಿಮಿಷ ಒಂದೂ ಕಾಣದಿದ್ದರೆ ಕೊನೇ ಗುರುತು ಕಂಡ ಕಡೆಗೆ ವಾಪಸ್ ಬನ್ನಿ. ಆಡಿನ ಗೇಟು ತಂತಿ ಸುತ್ತಿ ಕಟ್ಟಿರುತ್ತಾರೆ. ದಾಟಿದ ಮೇಲೆ ಹಾಗೇ ಸುತ್ತಿಬಿಡಿ. ತುರ್ತಿಗೆ 112.

ಸುತ್ತುಗಾಲಿ · ಆಗಸ್ಟ್ 12

ನೀವು ಹೊಕ್ಕ ಆ ಜಾಗ ನನಗೂ ಗೊತ್ತು. ಗೊತ್ತಿರುವುದು ಹೇಗೆ ಅಂತ ಕೇಳಬೇಡಿ.

ಅದೇ ದಾರಿಯನ್ನು ಬೆಕ್ಕಿನವರು ಉಲ್ಟಾ ಮಾಡಬಹುದು. ದಾನಕೋಸ್‌ಗೆ ಟ್ಯಾಕ್ಸಿ, ಅಲ್ಲಿಂದ ಫೋಟೋದೋತಿಸ್ ಮೇಲೆ ಅಪಿರಾಂಥೋಸ್‌ಗೆ ಹತ್ತುತ್ತಾ ಹೋಗಿ. ದಾನಕೋಸ್ ಕಣಿವೆಯೊಳಗಿನ ಊರು. ಬುಗ್ಗೆ ನೀರು, ಹಳೇ ನೀರುಗಿರಣಿಗಳು, ದೊಡ್ಡ ಪ್ಲೇನ್ ಮರಗಳು (ನಮ್ಮ ಕಾಶ್ಮೀರದ ಚಿನಾರ್). ನಾಕ್ಸೋಸ್‌ನಲ್ಲಿ ನೆರಳು ಬೇಕಾದರೆ ಇಂಥ ಹಳ್ಳದ ಊರಿಗೇ ಹೋಗಬೇಕು. ಮಲೆನಾಡಿನವರು ಮರದ ಕೆಳಗೆ ನಡೆದೇ ಅಭ್ಯಾಸ. ಅಲ್ಲಿ ಬೆಟ್ಟ ಬೋಳು. ಬಿಸಿಲು ಕಲ್ಲಿಗೆ ಬಿದ್ದು ವಾಪಸ್ ಮುಖಕ್ಕೆ ಹೊಡೆಯುತ್ತದೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇಟ್ಟುಕೊಳ್ಳಿ, ಬೆಳಿಗ್ಗೆ ಎಂಟಕ್ಕೆಲ್ಲ ಹೊರಟುಬಿಡಿ. ಜುಲೈ, ಆಗಸ್ಟ್‌ನ ಮೆಲ್ತೆಮಿ ಗಾಳಿ ಸೆಪ್ಟೆಂಬರ್ ಕೊನೆಗೆ ಸಾಮಾನ್ಯವಾಗಿ ಇಳಿದಿರುತ್ತದೆ. ಬೀಸಿದರೆ ಸಣ್ಣ ಹಡಗುಗಳು ಕುಣಿಯುತ್ತವೆ. ಅಮ್ಮನಿಗೆ ಹೊಟ್ಟೆ ತೊಳಸುವ ಅಭ್ಯಾಸ ಇದ್ದರೆ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಫೆರ್ರಿಯಲ್ಲೇ ಬನ್ನಿ. ಐದು ಗಂಟೆಯ ಮೇಲಾಗುತ್ತದೆ, ಆದರೆ ಅಲುಗಾಟ ಕಡಿಮೆ.

ಕಾರು ಬೇಡ ಅನ್ನುವುದು ನನ್ನ ಮಾತು. ಕಾರಿದ್ದರೆ ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ಹತ್ತಿದ್ದನ್ನೆಲ್ಲ ಇಳಿಯಬೇಕು. ಬಸ್ಸು ಬಂದರಿನಿಂದ ಹಾಲ್ಕಿ, ಫಿಲೋತಿ, ಅಪಿರಾಂಥೋಸ್ ಮೇಲೆ ಹೋಗುತ್ತದೆ. ಟಿಕೆಟ್ ಮೊದಲೇ ತಗೊಳ್ಳಿ. ಬೇಸಿಗೆ ಮುಗಿದಂತೆ ಬಸ್ಸು ಕಮ್ಮಿಯಾಗುತ್ತವೆ, ಹಾಗಾಗಿ ಆ ವಾರದ ಪಟ್ಟಿಯನ್ನು ಬಂದರಿನಲ್ಲೇ ನೋಡಿ ಫೋಟೋ ಹೊಡೆದುಕೊಳ್ಳಿ. ಟ್ಯಾಕ್ಸಿಯನ್ನು ಉಳಿದುಕೊಂಡ ಮನೆಯವರಿಗೇ ಹೇಳಿ ಕರೆಸಿ.

ಮತ್ತೆ, ಮೊನಿ ಊರಿನ ಕೆಳಗಿರುವ ಪನಾಯಿಯಾ ದ್ರೋಸಿಯಾನಿ ಚರ್ಚು. ಬೇರೇನು ತಪ್ಪಿದರೂ ಇದು ತಪ್ಪಬಾರದು. ಹೊರಗಿನಿಂದ ಕಲ್ಲಿನ ಹುತ್ತದ ಹಾಗಿದೆ. ಸುಣ್ಣ ಬಳಿದಿಲ್ಲ, ನೀಲಿ ಗುಮ್ಮಟ ಇಲ್ಲ. ಒಳಗೆ 7ನೇ ಶತಮಾನದ ಗೋಡೆಚಿತ್ರಗಳು. ಗುಮ್ಮಟದಲ್ಲಿ ಒಬ್ಬ ಕ್ರಿಸ್ತನ ಬದಲು ಇಬ್ಬರು ಕ್ರಿಸ್ತರು, ಪಕ್ಕಪಕ್ಕ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಐದು ನಿಮಿಷ ಬಿಡಿ. ಎಷ್ಟೋ ಜನ ಎರಡು ನಿಮಿಷಕ್ಕೆ ಹೊರಗೆ ಬಂದು "ಏನೂ ಇಲ್ಲ" ಅಂತಾರೆ.

ಅಂಗಳದ ಬೆಕ್ಕು · ಆಗಸ್ಟ್ 13

ಎಷ್ಟು ಧನ್ಯವಾದ ಹೇಳಲಿ! ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಎಮರಿ ಕಲ್ಲಿನ ಭಾಗವನ್ನು ಎರಡು ಸಲ ಓದಿಸಿದರು. ಅಮ್ಮ ಕೇಳಿದ್ದು ಒಂದೇ: "ಕೀತ್ರೋ ಅಂತ ಏನೋ ನಿಂಬೆ ಜಾತಿ ಇದೆಯಂತಲ್ಲ, ಅದು ಹೇರಳೆಕಾಯಾ?"

ಬೆರಕೆಸೊಪ್ಪು · ಆಗಸ್ಟ್ 13

ಮಾದಳ ಅನ್ನಿ. ದಪ್ಪ ಸಿಪ್ಪೆ, ರಸ ಕಮ್ಮಿ, ಪರಿಮಳ ಮಾತ್ರ ಮನೆ ತುಂಬ. ಹಾಲ್ಕಿಯಲ್ಲಿ 1896ರಿಂದ ಕೀತ್ರೋ ಮದ್ಯ ಮಾಡುವ ವಲ್ಲಿಂದ್ರಾಸ್ ಭಟ್ಟಿ ಇದೆ. ತಮಾಷೆ ಏನು ಗೊತ್ತಾ? ಮದ್ಯ ಇಳಿಸುವುದು ಹಣ್ಣಿನಿಂದಲ್ಲ, ಎಲೆಯಿಂದ. ಮೂರು ಬಣ್ಣದಲ್ಲಿ ಬರುತ್ತದೆ. ಹಸಿರು ಸಿಹಿ ಮತ್ತು ಸೌಮ್ಯ, ಹಳದಿ ಖಡಕ್ಕು, ಬಣ್ಣ ಇಲ್ಲದ್ದು ನಡುವಿನದು. ಹಣ್ಣಿನ ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಚಮಚದಲ್ಲಿ ಕೊಡುತ್ತಾರೆ. ಅಮ್ಮನಿಗೆ ಅದು.

ಅಂಗಳದ ಬೆಕ್ಕು · ಅಕ್ಟೋಬರ್ 4

ಹೋಗಿ ಬಂದೆವು. ಮೊದಲಿಗೆ ವರದಿ: ಬಿದ್ದಿದ್ದು ನಾನು. ಅಮ್ಮ ಅಲ್ಲ.

ಅಪಿರಾಂಥೋಸ್ ಬೀದಿಯಲ್ಲಿ ಹಾಸಿರುವ ಅಮೃತಶಿಲೆಯ ನಡುಭಾಗ ಕಾಲು ತಾಗಿ ತಾಗಿ ಸವೆದು ಸಾಬೂನಿನ ಹಾಗಾಗಿದೆ. ಯಾರೋ ಬೆಳಿಗ್ಗೆ ಬಾಗಿಲ ಮುಂದೆ ನೀರು ಹಾಕಿ ತೊಳೆದಿದ್ದರು. ನಾನು ಕಮಾನಿನ ಫೋಟೋ ತೆಗೆಯುತ್ತಾ ಹಿಂದೆ ಹಿಂದೆ ಹೋದೆ, ದಬಕ್ಕನೆ ಕೂತೆ. ಅಮ್ಮ ಗೋಡೆ ಹಿಡಿದು ಕಲ್ಲಿನ ಅಂಚಿನಲ್ಲಿ ನಡೆಯುತ್ತಿದ್ದಳು. "ಬಚ್ಚಲಲ್ಲಿ ನಡೆಯೋ ಹಾಗೆ ನಡೀಬೇಕು" ಅಂತ ಉಪದೇಶ ಸಿಕ್ಕಿತು. ರಬ್ಬರ್ ಅಟ್ಟೆಯ ಶೂ ಹಾಕಿಕೊಂಡು ಹೋಗಿ.

ಫಿಲೋತಿಯಲ್ಲೇ ಉಳಿದೆವು. ಚೌಕದ ದೊಡ್ಡ ಪ್ಲೇನ್ ಮರದ ಕೆಳಗೆ ಕಾಫಿ ಅಂಗಡಿ. ಅಪ್ಪನಿಗೆ ಅದೇ ಕಟ್ಟೆ. ಮೊದಲ ದಿನ ಹಾಲ್ಕಿಯಿಂದ ಫಿಲೋತಿಗೆ ನಡೆದೆವು, ಸುತ್ತುಗಾಲಿಯವರು ಹೇಳಿದ ಹಾಗೆ ಉಲ್ಟಾ. ದಾರಿಯಲ್ಲಿ ಒಣಗಿದ ಹಳ್ಳದ ತುಂಬ ಕಣಗಿಲೆ. "ಪೂಜೆಗೆ ಇಷ್ಟು ಹೂವು ಬಿಟ್ಟು ಹೋಗ್ತಿದ್ದಾರಲ್ಲ" ಅಂತ ಅಮ್ಮನಿಗೆ ಸಂಕಟ. ಆಲಿವ್ ಕಾಯಿ ಇನ್ನೂ ಹಸಿರು. ಅಪ್ಪ ಒಂದನ್ನು ಕಚ್ಚಿ ಹತ್ತು ನಿಮಿಷ ಮಾತಾಡಲಿಲ್ಲ. ಮರದಿಂದ ಕಿತ್ತದ್ದು ಎಷ್ಟು ಕಹಿ ಅಂತ ಯಾರೂ ಹೇಳಿರಲಿಲ್ಲ ನೋಡಿ!

ದ್ರೋಸಿಯಾನಿಯಲ್ಲಿ ಐದು ನಿಮಿಷ ಅಲ್ಲ, ಅರ್ಧ ಗಂಟೆ ಕೂತೆವು. ಮೊದಲು ಬರೀ ಕತ್ತಲೆ, ಮೇಣದ ವಾಸನೆ. ಆಮೇಲೆ ಕಣ್ಣುಗಳು ಕಾಣಿಸಿದವು. ಮುಖ ಆಮೇಲೆ. ಗೋಡೆಯ ಬಣ್ಣ ಉದುರಿ ಬರೀ ಕಣ್ಣು ಉಳಿದಿರುವ ಒಬ್ಬ ಸಂತ ಇದ್ದಾನೆ. ಬಾಗಿಲಲ್ಲಿ ಕೂತಿದ್ದ ಅಜ್ಜಿ ಗುಮ್ಮಟದ ಕಡೆ ಬೆರಳು ತೋರಿಸಿ "ದಿಯೋ, ದಿಯೋ" ಅಂದಳು. ಎರಡು, ಎರಡು ಅಂತ. ಅಮ್ಮ ಕೈಮುಗಿದಳು.

ಝಾಸ್ ಅಪ್ಪನೂ ನಾನೂ ಹತ್ತಿದೆವು, ಆಯಿಯಾ ಮರೀನಾ ಕಡೆಯಿಂದ. ಹತ್ತೋಕೆ ಒಂದೂವರೆ ಗಂಟೆ. ಕೊನೆಯ ಭಾಗದಲ್ಲಿ ದಾರಿ ಬಂಡೆಗಳ ನಡುವೆ ಕಳೆದುಹೋಗುತ್ತದೆ, ಕಲ್ಲುಗುಪ್ಪೆ ನೋಡಿಕೊಂಡು ಹೋಗಬೇಕು. ಮೇಲೆ ಪಾರೋಸ್, ಅಮೋರ್ಗೋಸ್ ಎಲ್ಲ ಕಂಡವು. ನಮ್ಮ ತಲೆಯ ಮೇಲಲ್ಲ, ನಮಗಿಂತ ಕೆಳಗೆ ಎರಡು ರಣಹದ್ದು ತೇಲುತ್ತಿದ್ದವು. ಗ್ರಿಫನ್ ಅಂತ ಆಮೇಲೆ ಗೊತ್ತಾಯಿತು. ಹದ್ದಿನ ಬೆನ್ನು ನೋಡಿದ್ದು ಅಪ್ಪನಿಗೆ ಅದೇ ಮೊದಲು. ಸಮುದ್ರಕ್ಕಿಂತ ಜಾಸ್ತಿ ಅದರ ಬಗ್ಗೆಯೇ ಮಾತಾಡುತ್ತಾರೆ. ಎರಡೆತ್ತು ಅವರೇ, ಹತ್ತಿದ್ದು ಸಾರ್ಥಕ. ಆದರೆ ಇಳಿಯುವಾಗ ಅಪ್ಪ ಕೂಡ ಎರಡು ಸಲ ಕೂತರು.

ನಾವು ವಾಪಸ್ ಬಂದಾಗ ಅಮ್ಮ ಪ್ಲೇನ್ ಮರದ ಕೆಳಗೆ ಇಬ್ಬರು ಹೆಂಗಸರ ಜೊತೆ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದಳು. ಮೂರು ಗಂಟೆ ಕೂತಿದ್ದಳಂತೆ. ಏನು ಮಾತಾಡಿದಿರಿ ಅಂದರೆ, "ಅವಳಿಗೆ ಮೂರು ಮಕ್ಕಳು. ಒಬ್ಬ ಅಥೆನ್ಸ್‌ನಲ್ಲಿದ್ದಾನೆ, ಫೋನ್ ಮಾಡೋಲ್ಲ" ಅಂದಳು. ಹೇಗೆ ಗೊತ್ತಾಯಿತೋ ದೇವರಿಗೇ ಗೊತ್ತು. ಒಂದು ಸಲ ಮಾತ್ರ ಎಡವಟ್ಟಾಗಿದೆ. ಗ್ರೀಕಿನಲ್ಲಿ "ನೆ" ಅಂದರೆ ಹೌದು. ಕಾಫಿ ಇನ್ನೊಂದು ಬೇಕಾ ಅಂತ ಕೇಳಿದಾಗ ಅಮ್ಮ ಹಿಂದಿಯಲ್ಲಿ "ನೈ, ನೈ" ಅಂದಿದ್ದಾಳೆ. ನಾಲ್ಕು ಕಾಫಿ ಬಂದಿದೆ.

ವ್ಲೀತಾ ಬಂದ ದಿನ ಬೆರಕೆಸೊಪ್ಪು ಅವರ ಹೆಸರು ಉಳಿಯಿತು. "ಹರಿವೆ! ಇದಕ್ಕೊಂದು ಒಣಮೆಣಸಿನಕಾಯಿ ಒಗ್ಗರಣೆ ಬೇಕಿತ್ತು" ಅಂದಳು. ಚೀಲದಲ್ಲಿ ಮಿಡಿ ಉಪ್ಪಿನಕಾಯಿ ಇತ್ತು. ಅಡುಗೆಮನೆಯ ಹೆಂಗಸಿಗೂ ರುಚಿ ನೋಡಲು ಕೊಟ್ಟಳು. ಆ ಹೆಂಗಸು ಕಣ್ಣಲ್ಲಿ ನೀರು ತುಂಬಿಕೊಂಡು ಎರಡು ದಾಳಿಂಬೆ ಕೊಟ್ಟಳು. ಖುಷಿಗೋ ಖಾರಕ್ಕೋ ಗೊತ್ತಿಲ್ಲ.

ಆಗದೇ ಉಳಿದಿದ್ದು: ದಾನಕೋಸ್‌ನಿಂದ ಅಪಿರಾಂಥೋಸ್ ನಡಿಗೆ. ಆ ದಿನ ಮೋಡ ಕವಿದು ನಾಲ್ಕು ಹನಿ ಬಿತ್ತು, ಒದ್ದೆ ಕಲ್ಲಿನ ಮೇಲೆ ಧೈರ್ಯ ಬರಲಿಲ್ಲ. ಬದಲಿಗೆ ಟ್ಯಾಕ್ಸಿಯಲ್ಲಿ ಫ್ಲೆರಿಯೋ ಕೂರೋಸ್ ನೋಡಿಕೊಂಡು ಬಂದೆವು. ಕಾಲು ಮುರಿದಿದೆ ಅಂತ ಕೆತ್ತುತ್ತಿದ್ದವರು ಹಾಗೇ ಬಿಟ್ಟು ಹೋದ ಕಲ್ಲಿನ ಯುವಕ. 2500 ವರ್ಷದ ಮೇಲಾಯಿತು, ತೋಟದಲ್ಲಿ ಮಲಗಿದ್ದಾನೆ. ಅಮ್ಮ ಅವನ ಮೊಣಕಾಲು ನೋಡಿ "ಪಾಪ" ಅಂದಳು.

ಕಲ್ಲುಬಂಡೆ ಅವರೇ, ಮೂತ್ಸೂನಾ ರಸ್ತೆಯಲ್ಲಿ ಕಂಬಗಳನ್ನು ನೋಡಿದೆವು. ಅಪ್ಪ ಒಂದು ಕರಿ ಕಲ್ಲು ಜೇಬಿಗೆ ಹಾಕಿಕೊಳ್ಳಲು ಹೊರಟಿದ್ದರು, ಬೇಡ ಅಂತ ಇಡಿಸಿದೆ. ಈಗಲೂ ಬೈಯುತ್ತಿದ್ದಾರೆ.

ಕಲ್ಲುಬಂಡೆ · ಅಕ್ಟೋಬರ್ 4

ಇಡಿಸಿದ್ದು ಸರಿ. ಆದರೆ ಅಪ್ಪನ ಪರವಾಗಿ ನನಗೂ ಹೊಟ್ಟೆ ಉರಿಯಿತು.

ಹಾಸನದ ಬೀದಿ · ಅಕ್ಟೋಬರ್ 5

ಆಲೂಗಡ್ಡೆ ಬಗ್ಗೆ ಒಂದು ಮಾತೂ ಇಲ್ಲವಲ್ಲ?

ಅಂಗಳದ ಬೆಕ್ಕು · ಅಕ್ಟೋಬರ್ 5

ಐದು ದಿನವೂ ತಿಂದೆವು. ಬರೆಯೋಕೆ ಕೈ ಖಾಲಿ ಇರಲಿಲ್ಲ.

ತುಂಗೆತೀರ · ಅಕ್ಟೋಬರ್ 9

ಓದಿ ನಮಗೂ ಆಸೆಯಾಯಿತು. ನಾವು ಮಾರ್ಚ್‌ನಲ್ಲಿ ಹೋದರೆ ಹೇಗೆ? ಹೂವು ಇರುತ್ತದಾ?

ಸುತ್ತುಗಾಲಿ · ಅಕ್ಟೋಬರ್ 9

ಹೂವು ಇರುತ್ತದೆ, ಊಟ ಇರುವುದಿಲ್ಲ. ಹಳ್ಳಿಯ ಎಷ್ಟೋ ರೂಮು, ಹೋಟೆಲು ಆಗಿನ್ನೂ ಮುಚ್ಚಿರುತ್ತವೆ. ಏಪ್ರಿಲ್ ಕೊನೆ ಅಥವಾ ಮೇ ನೋಡಿ. ಆರ್ಥೊಡಾಕ್ಸ್ ಈಸ್ಟರ್ ದಿನಾಂಕ ಬೇರೆ, ಅದನ್ನು ನೋಡಿಕೊಂಡು ರೂಮು ಹಿಡಿಯಿರಿ. ಆ ವಾರ ಅಥೆನ್ಸ್‌ನಲ್ಲಿರುವವರೆಲ್ಲ ಊರಿಗೆ ಬರುತ್ತಾರೆ. ಫೋನ್ ಮಾಡದವನೂ ಬರುತ್ತಾನೆ.